ಗೋಲ್ಡ್‌ಸ್ಮಿತ್ ಸ್ಟ್ರೀಟ್: ನಾರಿಚ್ ಕೌನ್ಸಿಲ್ ಕಟ್ಟಿಸಿದ ಮನೆಗಳು ಹೇಗಿವೆ?

ಇಂಗ್ಲೆಂಡಿನ ನಾರಿಚ್ ನಗರ ಕೌನ್ಸಿಲ್ ಬಾಡಿಗೆಗೆ ಕೊಡಲೆಂದೇ ಕಟ್ಟಿಸಿದ ಗೋಲ್ಡ್‌ಸ್ಮಿತ್ ಸ್ಟ್ರೀಟ್ ಬಡಾವಣೆಗೆ 2019ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ವಾಸ್ತುಶಿಲ್ಪ ಪ್ರಶಸ್ತಿಯಾದ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಸಾಮಾಜಿಕ ವಸತಿಗೆ ಆ ಪ್ರಶಸ್ತಿ ದಕ್ಕಿದ್ದು ಅದೇ ಮೊದಲು. ವಿನ್ಯಾಸ ಮಿಖೇಲ್ ರಿಚಸ್ ಸಂಸ್ಥೆ ಮತ್ತು ಕ್ಯಾಥಿ ಹಾಲಿಯವರದು. ಒಟ್ಟು 105 ಮನೆಗಳು, ಎಲ್ಲವೂ ಪ್ಯಾಸಿವ್‌ಹೌಸ್ ಮಾನದಂಡಕ್ಕೆ, ಅಂದರೆ ಬಿಸಿಮಾಡಲು ತೀರಾ ಕಡಿಮೆ ಇಂಧನ ಸಾಕಾಗುವಂತೆ, ಕಟ್ಟಿದವು. ಇಲ್ಲಿನ ಇಂಧನ ಉಳಿತಾಯ ಬಂದಿರುವುದು ದುಬಾರಿ ಯಂತ್ರಗಳಿಂದಲ್ಲ, ನಕ್ಷೆ ಹಾಕುವಾಗಲೇ ಮಾಡಿದ ತೀರ್ಮಾನಗಳಿಂದ. ಬೇರೆ ಕೌನ್ಸಿಲ್‌ಗಳು ಗಮನಿಸಬೇಕಾದದ್ದು ಇದನ್ನೇ.

ಮೊದಲು ಬೀದಿ ನೋಡಿ. ಎದುರುಬದುರು ಮನೆಗಳ ನಡುವೆ ಇರುವುದು ಸುಮಾರು 14 ಮೀಟರ್. ಬ್ರಿಟನ್ನಿನಲ್ಲಿ ಖಾಸಗಿತನಕ್ಕೆಂದು ಸಾಮಾನ್ಯವಾಗಿ 21 ಮೀಟರ್ ಬಿಡುತ್ತಾರೆ. ಅಂತರ ಕಿರಿದಾದರೆ ಬಿಸಿಲು ತಪ್ಪುತ್ತದೆ. ನಾರಿಚ್‌ನಲ್ಲಿ ಡಿಸೆಂಬರ್ ಕೊನೆಯ ನಡುಮಧ್ಯಾಹ್ನಕ್ಕೂ ಸೂರ್ಯ ಏರುವುದು ಸುಮಾರು 14 ಡಿಗ್ರಿ ಅಷ್ಟೇ. ಅದಕ್ಕೇ ಮಾಡಿನ ಇಳಿಜಾರನ್ನು 15 ಡಿಗ್ರಿಗೆ ಇಳಿಸಿದ್ದಾರೆ. ಮಾಡು ಕಡಿದಾಗಿದ್ದಿದ್ದರೆ ಹಿಂದಿನ ಸಾಲಿನ ಮನೆಗಳ ಮೇಲೆ ನೆರಳು ಇನ್ನಷ್ಟು ಬೀಳುತ್ತಿತ್ತು. ಬೇಸಿಗೆಯಲ್ಲಿ ಒಳಗೆ ಕಾವು ಏರದಂತೆ ಕಿಟಕಿಗಳಿಗೆ ತೂತು ಕೊರೆದ ಲೋಹದ ಮರೆಗಳನ್ನು ಕೂರಿಸಿದ್ದಾರೆ.

ಹಸಿರು ಜಾಗದ ವಿಷಯದಲ್ಲೂ ಇದೇ ಬಿಗಿ ಲೆಕ್ಕ. ಕಾರುಗಳನ್ನು ಬಡಾವಣೆಯ ಅಂಚಿಗೆ ತಳ್ಳಿದ್ದಾರೆ. ಬೆನ್ನಿಗೆ ಬೆನ್ನು ಕೊಟ್ಟ ಹಿತ್ತಲುಗಳ ನಡುವೆ ಒಂದು ಸಂದಿ ಇದೆ, ಹಿತ್ತಲ ಗೇಟು ತೆರೆದರೆ ಮಕ್ಕಳು ಅಲ್ಲೇ ಆಡಬಹುದು. ಫ್ಲ್ಯಾಟುಗಳಿಗೂ ಬೀದಿಗೆ ತೆರೆಯುವ ಸ್ವಂತ ಬಾಗಿಲು. ಹಂಚಿಕೊಳ್ಳುವ ಒಳ ಕಾರಿಡಾರ್ ಇಲ್ಲದ್ದರಿಂದ ಅದನ್ನು ಬೆಳಗಿಸುವ, ಗುಡಿಸುವ ಖರ್ಚೂ ಇಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕಾಗದ ಹಾಕುವ ಕಿಂಡಿ. ಇಂಗ್ಲಿಷ್ ಮನೆಗಳಲ್ಲಿ ಅದು ಬಾಗಿಲಲ್ಲೇ ಇರುತ್ತದೆ, ಚಳಿಗಾಳಿ ನುಗ್ಗುವುದೂ ಅಲ್ಲಿಂದಲೇ. ಇಲ್ಲಿ ಅದನ್ನು ಬಾಗಿಲಿನಿಂದ ತೆಗೆದು ಹೊರಗಿನ ಮುಖಮಂಟಪಕ್ಕೆ ಸಾಗಿಸಿದ್ದಾರೆ. ಇಷ್ಟು ಚಿಕ್ಕದಕ್ಕೆ ತಲೆ ಕೆಡಿಸಿಕೊಳ್ಳಬೇಕಾದ್ದು ಯಾಕೆಂದರೆ, ಪ್ಯಾಸಿವ್‌ಹೌಸ್ ಪರೀಕ್ಷೆಯಲ್ಲಿ ಬಾಗಿಲಿಗೆ ಫ್ಯಾನ್ ಕಟ್ಟಿ 50 ಪ್ಯಾಸ್ಕಲ್ ಒತ್ತಡ ಕೊಟ್ಟಾಗ, ಗಂಟೆಗೆ ಮನೆಯ ಒಟ್ಟು ಗಾಳಿಯ 0.6 ಪಟ್ಟಿಗಿಂತ ಹೆಚ್ಚು ಸೋರಬಾರದು. ಈ ಪರೀಕ್ಷೆಯನ್ನು ಕಾಮಗಾರಿ ಮುಗಿದ ಮೇಲೆ ಒಮ್ಮೆ ಮಾಡಿದರೆ ಸಾಲದು. ಒಳಗೋಡೆಯ ಹಲಗೆ ಮುಚ್ಚುವ ಮೊದಲೇ ಒಂದು ಸಲ ಮಾಡಿಸಬೇಕು. ಪೈಪು ತೂರಿದ ಜಾಗ, ಕಿಟಕಿ ಚೌಕಟ್ಟಿನ ಅಂಚು, ಗೋಡೆ ಮಾಡು ಸೇರುವ ಮೂಲೆ ಸೋರುತ್ತಿದ್ದರೆ ಆಗ ಟೇಪು ಹಾಕಿ ಸರಿಪಡಿಸಬಹುದು. ಆಮೇಲೆ ಕಂಡರೆ ಗೋಡೆ ಒಡೆಯಬೇಕು.

ಮನೆ ಬಿಸಿಮಾಡಲು ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್ ಮೀರಬಾರದು ಎನ್ನುವುದು ಇನ್ನೊಂದು ಮಿತಿ. 80 ಚದರ ಮೀಟರ್ ಮನೆಗೆ 1,200 ಯೂನಿಟ್ ಆಯಿತು. ಇಲ್ಲಿನ ಇಂಧನ ವೆಚ್ಚ ಸರಾಸರಿ ಮನೆಗಿಂತ ಶೇ. 70ರಷ್ಟು ಕಡಿಮೆ ಎಂದು ಪ್ರಶಸ್ತಿ ಕೊಟ್ಟಾಗ ಅಂದಾಜಿಸಿದ್ದರು. ಬಾಡಿಗೆ ಕಟ್ಟಿ, ಬಿಲ್ಲು ಕಟ್ಟಿ ಕೈ ಖಾಲಿಯಾಗುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ.

ಇಂಥ ಮನೆಗಳು ಎಡವುವುದು ಜನ ಬಂದು ನೆಲೆಸಿದ ಮೇಲೆ. ಹೊರಹೋಗುವ ಗಾಳಿಯ ಕಾವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರದ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕುಗ್ಗುತ್ತದೆ, ಫ್ಯಾನ್ ಸದ್ದು ಜೋರಾಗುತ್ತದೆ, ಜನ ಅದನ್ನು ಆರಿಸಿಬಿಡುತ್ತಾರೆ. ಆಮೇಲೆ ಬಚ್ಚಲುಮನೆಯ ಮೂಲೆಯಲ್ಲಿ ಬೂಷ್ಟು. ಆರು ತಿಂಗಳಿಗೊಮ್ಮೆಯಾದರೂ ಫಿಲ್ಟರ್ ನೋಡುವ, ಬದಲಿಸುವ ಕೆಲಸ ಬಾಡಿಗೆದಾರರ ತಲೆಗೆ ಬೀಳದೆ ಕೌನ್ಸಿಲ್‌ನ ನಿರ್ವಹಣಾ ಪಟ್ಟಿಯಲ್ಲೇ ಇರಬೇಕು. ಇಂಟರ್ನೆಟ್ ಕೇಬಲ್ಲಿಗೆಂದು ಹೊರಗೋಡೆ ಕೊರೆದರೆ ಗಾಳಿತಡೆ ಪದರವೂ ತೂತಾಗುತ್ತದೆ. ಕೇಬಲ್ ಎಲ್ಲಿಂದ ತರಬೇಕೆಂದು ಮೊದಲೇ ಗುರುತು ಮಾಡಿ ಕೊಡುವುದು ಸುಲಭ.

ಒಂದು ಆತಂಕ ಮಾತ್ರ ವಿನ್ಯಾಸಕಾರರ ಕೈ ಮೀರಿದ್ದು. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಬಾಡಿಗೆದಾರರಿಗೆ ತಾವಿರುವ ಮನೆಯನ್ನು ರಿಯಾಯಿತಿ ದರಕ್ಕೆ ಕೊಳ್ಳುವ ಹಕ್ಕಿದೆ. ಮಾರಾಟವಾದ ಪ್ರತಿ ಮನೆಯೂ ಕಾಯುವವರ ಪಟ್ಟಿಯ ಪಾಲಿಗೆ ನಷ್ಟ.