ಕಾಸರಗೋಡಿನ ಮಳೆ, ಮಂಗಳೂರಿನ ರೈಲು: ದಿನಾ ಹೊರಲು ಯಾವ ದುಬಾರಿ ಬ್ಯಾಗ್ ಒಳ್ಳೆಯದು?

ದುಬಾರಿ ಬ್ಯಾಗ್ ಕೊಳ್ಳುವಾಗ ಎಲ್ಲರೂ ಮೊದಲು ಹೆಸರು ನೋಡುತ್ತಾರೆ, ಆಮೇಲೆ ಬಣ್ಣ. ನಮ್ಮ ಊರಿನವರು ಮೊದಲು ನೋಡಬೇಕಾದದ್ದು ಹಿಡಿಕೆಯ ಚರ್ಮ ಮತ್ತು ಬ್ಯಾಗಿನ ಬಾಯಿ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಪ್ಯಾರಿಸ್‌ನಲ್ಲಿ ಇಡೀ ವರ್ಷಕ್ಕೆ ಬೀಳುವುದು 650 ಮಿಲಿಮೀಟರ್ ಆಸುಪಾಸು. ಅಲ್ಲಿ ರೂಪಿಸಿದ ಬ್ಯಾಗ್ ಇಲ್ಲಿನ ಆಟಿ ತಿಂಗಳನ್ನು ಹೇಗೆ ದಾಟುತ್ತದೆ ಅಂತ ಯಾವ ಜಾಹೀರಾತೂ ಹೇಳುವುದಿಲ್ಲ.

ನಾನು ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುವವಳು. ಬ್ಯಾಗಿನಲ್ಲಿ ಟಿಫಿನ್, ಸ್ಟೀಲ್ ಬಾಟಲಿ, ಕೊಡೆ, ಪರ್ಸ್, ಸೀಸನ್ ಟಿಕೆಟ್, ಚಾರ್ಜರ್, ಒಂದು ದಪ್ಪ ಡೈರಿ ಇರಲೇಬೇಕು. ಸಂಜೆ ಬರುವಾಗ ಬಸಳೆ ಕಟ್ಟೋ ಮಲ್ಲಿಗೆ ಚೆಂಡೋ ಸೇರಿಕೊಳ್ಳುತ್ತದೆ. ಈ ಓಡಾಟದಲ್ಲಿ ನಾನು ಹೊತ್ತು ನೋಡಿದ್ದು ಲೂಯಿ ವಿಟಾನ್‌ನ ನೆವರ್‌ಫುಲ್, ಲಾಂಗ್‌ಶಾಂನ ಲ ಪ್ಲಿಯಾಜ್, ಕೋಚ್‌ನ ಜಿಪ್ ಇರುವ ಒಂದು ಟೋಟ್, ಅಂದರೆ ಎರಡು ಹಿಡಿಕೆಯ ದೊಡ್ಡ ಬ್ಯಾಗ್. ಜೊತೆಗೆ ನಮ್ಮದೇ ಪುದುಚೇರಿಯ ಹೈಡಿಸೈನ್.

ನೆವರ್‌ಫುಲ್ ನನ್ನದಲ್ಲ, ದುಬೈಯಲ್ಲಿರುವ ಅತ್ತಿಗೆಯದು. ರಜೆಗೆ ಬಂದಿದ್ದಾಗ "ಸುಮ್ನೆ ಕಪಾಟಿನಲ್ಲಿ ಇಡುವುದಕ್ಕಿಂತ ನೀನು ಹೊತ್ತುಕೊಂಡು ಹೋಗಿ ನೋಡು ಮಾರಾಯ್ತಿ" ಅಂತ ಕೈಗೆ ಕೊಟ್ಟರು. ಈ ಮಾದರಿ ಬಂದದ್ದು 2007ರಲ್ಲಿ. ನಾನು ಹೊತ್ತದ್ದು ಮಧ್ಯದ ಅಳತೆ, ಎಂಎಂ. 31 ಸೆಂಟಿಮೀಟರ್ ಅಗಲ, 28 ಎತ್ತರ, 14 ದಪ್ಪ. ಬಾಟಲಿ ನೆಟ್ಟಗೆ ನಿಲ್ಲುತ್ತದೆ, ಡೈರಿ ಮಡಚದೆ ಕೂರುತ್ತದೆ. ಮೈ ಇಡೀ ಚರ್ಮ ಅಂತ ಬಹಳ ಜನ ತಿಳಿದಿದ್ದಾರೆ. ಅದು ಹತ್ತಿಯ ಕ್ಯಾನ್ವಾಸ್, ಮೇಲೆ ಪಿವಿಸಿ ಲೇಪ. ಅದಕ್ಕೇ ಮಳೆ ಹನಿ ಅದರ ಮೇಲೆ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಹೊಟ್ಟೆ ಹಗುರ, ಹೊಲಿಗೆ ಅಚ್ಚುಕಟ್ಟು. ಇದರ ಅಂದಕ್ಕೆ ನಾನು ಮನಸೋತದ್ದು ನಿಜ.

ಪ್ರಶ್ನೆ ಇರುವುದು ಅಂಚು ಮತ್ತು ಹಿಡಿಕೆಯಲ್ಲಿ. ಮೊನೊಗ್ರಾಮ್, ಅಂದರೆ ಮೈತುಂಬ ಕಂಪನಿಯ ಹೆಸರಿನ ಅಕ್ಷರ ಮತ್ತು ಹೂವಿನ ಅಚ್ಚು ಇರುವ ಮಾದರಿಯ ಹಿಡಿಕೆ ವಾಚೆಟ್ಟಾ ಅನ್ನುವ ಚರ್ಮದ್ದು. ಮರದ ತೊಗಟೆಯಂಥ ಸಸ್ಯದ ಸಾರದಲ್ಲಿ ಹದ ಮಾಡಿ, ಮೇಲೆ ಯಾವ ಲೇಪವನ್ನೂ ಕೊಡದೆ ಬಿಟ್ಟ ಹಸುವಿನ ಚರ್ಮ. ಹೊಸತರಲ್ಲಿ ಬಾದಾಮಿ ಬಣ್ಣ. ಬಿಸಿಲು ಮತ್ತು ಕೈಯ ಜಿಡ್ಡು ತಾಗಿ ತಾಗಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನೇ ಇಷ್ಟಪಟ್ಟು ಕೊಳ್ಳುವವರಿದ್ದಾರೆ. ಆದರೆ ಲೇಪ ಇಲ್ಲದ ಚರ್ಮದ ಮೇಲೆ ನೀರಿನ ಹನಿ ಬಿದ್ದರೆ ಕಲೆ ಉಳಿಯುತ್ತದೆ. ಜುಲೈಯಲ್ಲಿ ಕುಂಬಳೆ ಸ್ಟೇಷನ್ನಿನಲ್ಲಿ ರೈಲು ಹತ್ತುವವರು ಹಿಡಿಕೆಗೆ ನೀರು ತಾಗದ ಹಾಗೆ ನೋಡಿಕೊಳ್ಳುವುದು ಆಗುವ ಮಾತಾ? ಅತ್ತಿಗೆ ಜಾಣೆ, ಡಾಮಿಯೆ ಎಬೆನ್ ಆರಿಸಿದ್ದಾರೆ. ಕಂದು ಚೌಕುಳಿಯದ್ದು. ಅದರ ಹಿಡಿಕೆಯ ಚರ್ಮ ಗಾಢ ಬಣ್ಣದ್ದು, ಮೊದಲೇ ಲೇಪ ಕೊಟ್ಟದ್ದು. ಒದ್ದೆ ಕೈಯಲ್ಲಿ ಹಿಡಿದರೂ ಭಯ ಇಲ್ಲ. ನಮ್ಮ ಕರಾವಳಿಯವರು ನೆವರ್‌ಫುಲ್ ಕೊಳ್ಳುವುದಾದರೆ ಕಣ್ಣುಮುಚ್ಚಿ ಇದನ್ನೇ ಕೊಳ್ಳಿ.

ಇನ್ನು ಬಾಯಿ. ನೆವರ್‌ಫುಲ್‌ಗೆ ಮೇಲೆ ಜಿಪ್ ಇಲ್ಲ, ನಡುವೆ ಒಂದು ಕೊಕ್ಕೆ ಮಾತ್ರ. ಬದಿಯ ದಾರ ಎಳೆದು ಬಾಯಿ ಕಿರಿದು ಮಾಡಬಹುದು, ಪೂರ್ತಿ ಮುಚ್ಚಲು ಬರುವುದಿಲ್ಲ. ಅದು ಅದರ ವಿನ್ಯಾಸ. ಕಾರಿನಲ್ಲಿ ಓಡಾಡುವವರಿಗೆ ಅದೇ ಅನುಕೂಲ, ಕೈ ಹಾಕಿದ ಕೂಡಲೇ ಸಾಮಾನು ಸಿಗುತ್ತದೆ. ಬೆಳಗಿನ ರೈಲಿನಲ್ಲಿ ಬಾಗಿಲ ಹತ್ತಿರ ಒತ್ತಿ ನಿಲ್ಲುವ ನನಗೆ ಬಾಯಿ ತೆರೆದ ಬ್ಯಾಗ್ ಒಗ್ಗುವುದಿಲ್ಲ. ಒಂದು ಕೈ ಯಾವಾಗಲೂ ಅದರ ಮೇಲೇ ಇರಬೇಕು. ಒಂದೂವರೆ ಲಕ್ಷಕ್ಕೂ ಮೇಲಿನ ವಸ್ತು ಬೇರೆ!

ಲ ಪ್ಲಿಯಾಜ್ ನನ್ನ ಸ್ವಂತದ್ದು, ಕಡುನೀಲಿ. ಪ್ಯಾರಿಸ್‌ನಲ್ಲಿ 1948ರಲ್ಲಿ ಶುರುವಾದ ಕಂಪನಿ, ಈ ಮಾದರಿ ಬಂದದ್ದು 1993ರಲ್ಲಿ. ನೈಲಾನ್ ಮೈ, ಚರ್ಮದ ಹಿಡಿಕೆ, ಮೇಲೆ ಜಿಪ್, ಜಿಪ್ ಮೇಲೆ ಚರ್ಮದ ಪಟ್ಟಿ. ಮಡಚಿ ಗುಂಡಿ ಹಾಕಿದರೆ ಒಂದು ನೋಟ್‌ಬುಕ್ಕಿನಷ್ಟಾಗುತ್ತದೆ. ತೂಕ ಅರ್ಧ ಕಿಲೋ ಕೂಡ ಇಲ್ಲ. "ಬರೀ ನೈಲಾನಿಗೆ ಇಷ್ಟು ದುಡ್ಡಾ" ಅಂತ ಅಮ್ಮ ಕೇಳಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವರೇ ಎರವಲು ಕೇಳಿದರು. ಒದ್ದೆ ಕೊಡೆಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಇದರೊಳಗೆ ಹಾಕಿದರೆ ಚಿಂತೆ ಇಲ್ಲ. ಮನೆಗೆ ಬಂದು ಒಳಮೈ ಹೊರಗೆ ತಿರುಗಿಸಿ ಫ್ಯಾನಿನಡಿ ಹಾಕಿದರೆ ಊಟ ಮುಗಿಯುವಷ್ಟರಲ್ಲಿ ಒಣಗಿರುತ್ತದೆ. ಇದರಲ್ಲಿ ಮೊದಲು ಸವೆಯುವುದು ಕೆಳಗಿನ ಮೂಲೆಗಳು ಅಂತ ವರ್ಷಗಟ್ಟಲೆ ಬಳಸಿದವರು ಹೇಳುತ್ತಾರೆ. ನನ್ನದರ ಮೂಲೆ ಈಗಲೂ ಗಟ್ಟಿಯಾಗಿದೆ. ಒಂದು ಮಾತು ಒಪ್ಪಬೇಕು: ಒಳಗೆ ವಿಭಾಗ ಇಲ್ಲ, ಇರುವುದು ಒಂದು ಸಣ್ಣ ಜೇಬು. ಬೀಗದಕೈ ಹುಡುಕಲು ತಳದವರೆಗೆ ಕೈ ಹಾಕಬೇಕು. ಒಂದು ಬಟ್ಟೆಯ ಪೌಚ್ ಇಟ್ಟುಕೊಂಡರೆ ಸಾಕು.

ಕೋಚ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕಂದರೆ ದೂರುವುದಕ್ಕೆ ಏನೂ ಇಲ್ಲ. 1941ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಶುರುವಾದದ್ದು. ನಾನು ಹೊತ್ತದ್ದು ಪೆಬಲ್ ಲೆದರ್, ಅಂದರೆ ಮೈತುಂಬ ಸಣ್ಣ ಸಣ್ಣ ಉಬ್ಬು ಇರುವ ಚರ್ಮ. ಆ ಉಬ್ಬುಗಳ ನಡುವೆ ಉಗುರಿನ ಗೀರು, ರೈಲಿನ ಕಂಬಿಗೆ ಉಜ್ಜಿದ ಗುರುತು ಎಲ್ಲ ಅಡಗಿಬಿಡುತ್ತದೆ. ಹನಿ ಬಿದ್ದರೆ ಕರ್ಚೀಫಿನಲ್ಲಿ ಒರೆಸಿದರಾಯಿತು. ಸೀರೆಗೂ ಒಪ್ಪುತ್ತದೆ, ಚೂಡಿದಾರಕ್ಕೂ ಒಪ್ಪುತ್ತದೆ. ಭಾರ ಮಾತ್ರ ಉಂಟು. ಚರ್ಮದ ಬ್ಯಾಗಿಗೆ ಬಾಟಲಿ, ಟಿಫಿನ್ ಎರಡೂ ಹಾಕಿದರೆ ಸಂಜೆಗೆ ಹೆಗಲು ಮಾತಾಡುತ್ತದೆ.

ಹೈಡಿಸೈನ್ 1978ರಲ್ಲಿ ಶುರುವಾದದ್ದು. ಲಕ್ಷದ ಬ್ಯಾಗುಗಳ ಸಾಲಿನಲ್ಲಿ ಇದನ್ನು ಯಾರೂ ಇಡುವುದಿಲ್ಲ. ಆದರೆ ಚರ್ಮ ಮುಟ್ಟಿ ನೋಡಿದರೆ, ಹಿತ್ತಾಳೆಯ ಬಕಲ್ ತಿರುವಿ ನೋಡಿದರೆ ಇಡಬೇಕು ಅಂತ ನನಗೆ ಅನಿಸುತ್ತದೆ. ಇದೂ ಸಸ್ಯದ ಸಾರದಲ್ಲಿ ಹದ ಮಾಡಿದ ಚರ್ಮ. ನವೆಂಬರ್‌ನಿಂದ ಮೇವರೆಗೆ ಇದರ ಹಾಗೆ ಚಂದ ಆಗುತ್ತಾ ಹೋಗುವ ಬ್ಯಾಗ್ ಬೇರೆ ಇಲ್ಲ. ಮಳೆಗಾಲದಲ್ಲಿ ಇಂಥ ಚರ್ಮಕ್ಕೆ, ಯಾವ ಕಂಪನಿಯದ್ದೇ ಇರಲಿ, ಆರೈಕೆ ಬೇಕು.

ಆರೈಕೆ ಅಂದರೆ ಬೂಷ್ಟಿನ ಜೊತೆ ಗುದ್ದಾಟ. ಹೆಸರು ಬೇಡ, ನನ್ನ ಒಂದು ಹಳೆಯ ದುಬಾರಿ ಬ್ಯಾಗ್ ಒಂದೇ ಮಳೆಗಾಲದಲ್ಲಿ ಬೆಳ್ಳಗೆ ಬೂಷ್ಟು ಹಿಡಿಯಿತು. ಹಿಡಿಕೆಯ ಅಂಚಿನ ಬಣ್ಣ ಕರಗಿ ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿತು. ಚರ್ಮದ ಬ್ಯಾಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆಯ ಚೀಲದಲ್ಲಿಡಿ, ಹೊಟ್ಟೆಯೊಳಗೆ ಹಳೆಯ ಪೇಪರ್ ತುಂಬಿ, ಪೇಪರ್ ಮೆತ್ತಗಾದರೆ ಬದಲಿಸಿ. ವಾರಕ್ಕೊಮ್ಮೆ ಹೊರತೆಗೆದು ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಡಿ. ನೆನೆದ ಬ್ಯಾಗನ್ನು ಬಟ್ಟೆ ಒಣಗಿಸುವ ಹಾಗೆ ಬಚ್ಚಲ ಒಲೆಯ ಹತ್ತಿರ ನೇತು ಹಾಕಲೇಬೇಡಿ. ಬಿಸಿಗೆ ಚರ್ಮ ಸೆಟೆದು ಮಡಿಕೆಯಲ್ಲಿ ಬಿರಿಯುತ್ತದೆ. ತೆಂಗಿನೆಣ್ಣೆ ಹಚ್ಚುವುದೂ ಬೇಡ, ಚರ್ಮ ಕಪ್ಪಾಗಿ ಜಿಡ್ಡಾಗುತ್ತದೆ.

ನನ್ನ ದುಡ್ಡಿನಲ್ಲಿ ಒಂದೇ ಬ್ಯಾಗ್ ಅಂದರೆ ನಾನು ಲ ಪ್ಲಿಯಾಜ್ ಅನ್ನೇ ಕೊಳ್ಳುತ್ತೇನೆ. ಎರಡಾದರೆ ಬೇಸಿಗೆಗೆ ಕೋಚ್. ವಿದ್ಯಾನಗರದ ಕಚೇರಿಗೆ ಸ್ಕೂಟರಿನಲ್ಲಿ ಹೋಗುವ ಗೆಳತಿಗೂ ಇದನ್ನೇ ಹೇಳಿದ್ದೇನೆ, ಆದರೆ ಅವಳಿಗೆ ಅಡ್ಡ ಹಾಕಿಕೊಳ್ಳುವ ಉದ್ದ ಪಟ್ಟಿ ಇರುವ ಮಾದರಿಯೇ ಸರಿ.

ಗಲ್ಫ್‌ನಿಂದ ಬಂದವರ ಕೈಯಿಂದ ಹಳೆಯ ನೆವರ್‌ಫುಲ್ ಕೊಳ್ಳುವವರು ಒಂದು ಸಂಗತಿ ತಿಳಿದಿರಲಿ. ಮೊದಲು ಒಳಗೆ ಅಚ್ಚೊತ್ತಿದ ಡೇಟ್ ಕೋಡ್, ಅಂದರೆ ಬ್ಯಾಗ್ ಯಾವಾಗ, ಎಲ್ಲಿ ತಯಾರಾಯಿತು ಅಂತ ಹೇಳುವ ಅಕ್ಷರ-ಅಂಕಿ, ಇರುತ್ತಿತ್ತು. 2021ರಿಂದ ಅದರ ಬದಲು ಒಳಗೇ ಮೈಕ್ರೋಚಿಪ್ ಇಡುತ್ತಿದ್ದಾರೆ. ಹಾಗಾಗಿ ಈಚಿನ ಬ್ಯಾಗಿನಲ್ಲಿ ಕೋಡ್ ಕಾಣದಿದ್ದರೆ ನಕಲಿ ಅಂದುಕೊಳ್ಳಬೇಡಿ, ಬಿಲ್ ಕೇಳಿ.