ಡೊಂಬಿವಲಿ ಲೋಕಲ್‌ನಲ್ಲಿ ಕನ್ನಡ ಪಾಡ್‌ಕಾಸ್ಟ್: ಯಾವ ಆ್ಯಪ್ ಉಳಿಯಿತು?

ನನ್ನ ವೋಟು ಆಂಟೆನಾಪಾಡ್‌ಗೆ. ₹399 ಕೊಟ್ಟು ವರ್ಷದ ಚಂದಾ ಕಟ್ಟಿದ ಇನ್ನೊಂದು ಆ್ಯಪ್ ಫೋನಿನಲ್ಲಿ ಸುಮ್ನೆ ಕೂತಿದೆ. ಅದರ ಹೆಸರು ಬೇಡ ಬಿಡಿ.

ದಿನವೂ ಡೊಂಬಿವಲಿಯಿಂದ ದಾದರ್‌ಗೆ ಹೋಗಿ ಬರುವವಳು ನಾನು. ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಬಿಡುವಿರುವುದು ಕಿವಿಗೆ ಮಾತ್ರ. ಮೊದಲು ಬಳಸುತ್ತಿದ್ದ ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ 2024ರಲ್ಲಿ ಬಂದ್ ಆದಾಗ ಬೇರೆ ಹುಡುಕಬೇಕಾಯಿತು.

ದುಡ್ಡಿನ ಆ್ಯಪ್‌ನಲ್ಲಿ ದಿನಾ ಕಿರಿಕಿರಿ. ಭಾಷೆ ಕೇಳಿದಾಗ ಕನ್ನಡ ಒತ್ತಿದ್ದೆ. ತೆರೆದರೆ ಮರಾಠಿ ಭೂತದ ಕಥೆ, ಹಿಂದಿ ಭಾಷಣ. ಮುಂಬೈಯವಳು ಅಂದರೆ ಇದೇ ಬೇಕು ಎಂದು ಅದರ ಲೆಕ್ಕ. ಮರಾಠಿ ನನಗೆ ಇಷ್ಟವೇ, ಆದರೆ ನಾನು ಕೇಳಿದ್ದು ಅದಲ್ವಲ್ಲ!

ಸಂಜೆ ಸೀಟು ಸಿಕ್ಕ ದಿನ ಅದೇ ಆ್ಯಪ್‌ನಲ್ಲಿ 'ತಲೆ-ಹರಟೆ' ಎಂಬ ಕನ್ನಡ ಪಾಡ್‌ಕಾಸ್ಟನ್ನು ಕನ್ನಡ ಲಿಪಿಯಲ್ಲೇ ಹುಡುಕಿದೆ. ಏನೂ ಬರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಹಳೇ ಸಿನಿಮಾ ಹಾಡು. 'ತ'ಕ್ಕೆ ಬರೀ ಟಿ ಸಾಕೋ, ಪಕ್ಕದಲ್ಲಿ ಎಚ್ ಬೇಕೋ ಎಂದು ಘಾಟ್‌ಕೋಪರ್ ದಾಟಿದರೂ ತಿಣುಕುತ್ತಿದ್ದೆ. ಠಾಣೆ ಸ್ಟೇಷನ್ನಿನ ಇಂಗ್ಲಿಷ್ ಬೋರ್ಡ್ ಕಂಡಾಗ ಹೊಳೆಯಿತು, ಎಚ್ ಬೇಕು! ಆ ಪಾಡ್‌ಕಾಸ್ಟ್ ಹೊರತಂದದ್ದು ನಮ್ಮ ಮುಂಬೈನ ಐವಿಎಂ ಎಂಬ ಪಾಡ್‌ಕಾಸ್ಟ್ ಕಂಪನಿ. ಕನ್ನಡದಲ್ಲಿ ಸರಕಿಲ್ಲ ಅನ್ನುವವರು ಈ ಹುಡುಕಾಟ ಒಮ್ಮೆ ಮಾಡಿ ನೋಡಲಿ.

ಆಂಟೆನಾಪಾಡ್‌ನಲ್ಲೂ ಸ್ಪೆಲಿಂಗ್ ಪಾಡು ತಪ್ಪಿದ್ದಲ್ಲ. ಆದರೆ ಒಂದೇ ಸಲ. ಸಬ್‌ಸ್ಕ್ರೈಬ್ ಮಾಡಿದರೆ ಮುಗಿಯಿತು, ಆಮೇಲೆ ನಾನು ಆರಿಸಿದ್ದು ಮಾತ್ರ ಬರುತ್ತದೆ. ಹಿಂದೆ ಕೇಳುತ್ತಿದ್ದ ಪಾಡ್‌ಕಾಸ್ಟ್‌ಗಳ ಪಟ್ಟಿಯ ಫೈಲ್ ಇಟ್ಟುಕೊಂಡಿದ್ದೆ, ಅದನ್ನೂ ತನ್ನೊಳಗೆ ಸೇರಿಸಿಕೊಂಡಿತು. ಖಾತೆ ತೆರೆಯಬೇಕಿಲ್ಲ, ಆ್ಯಪ್‌ನ ಜಾಹೀರಾತಿಲ್ಲ, ದುಡ್ಡಿಲ್ಲ. ರಾತ್ರಿ ಮನೆಯ ವೈಫೈಯಲ್ಲಿ ಹೊಸ ಕಂತುಗಳು ತಾವೇ ಇಳಿದಿರುತ್ತವೆ. ದಾರಿಯಲ್ಲಿ ನೆಟ್ ಹೋದರೂ ಚಿಂತೆಯಿಲ್ಲ.

ನೋಡಲು ಸ್ವಲ್ಪ ಸಪ್ಪೆ. ಆಂಡ್ರಾಯ್ಡ್‌ಗೆ ಮಾತ್ರ, ಹಾಗಾಗಿ ಐಫೋನಿನ ನಮ್ಮ ಯಜಮಾನರಿಗೆ ಉಪಯೋಗವಿಲ್ಲ. ಒಂದೇ ಕಂಪನಿ ತನ್ನ ಆ್ಯಪ್‌ನೊಳಗೆ ಬಚ್ಚಿಟ್ಟುಕೊಂಡ ಕಾರ್ಯಕ್ರಮಗಳೂ ಇಲ್ಲಿ ಸಿಗುವುದಿಲ್ಲ.

ಅಮ್ಮನ ಆಯ್ಕೆ ಬೇರೆ: ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್. ಅವರು ರೊಟ್ಟಿ ಬಡಿಯುವಾಗ ಧಾರವಾಡ ಆಕಾಶವಾಣಿ ನಮ್ಮ ಅಡುಗೆಮನೆಯಲ್ಲಿ ಮಾತಾಡುತ್ತದೆ. ಅದು ನೇರ ಪ್ರಸಾರ, ಲೋಕಲ್‌ಗೆ ಒಗ್ಗುವುದಿಲ್ಲ.

ದುಡ್ಡಿನ ಆ್ಯಪ್‌ನ ಚಂದಾ ಇನ್ನೂ ಐದು ತಿಂಗಳಿದೆ. ಆಟೋಪೇ ಮಾತ್ರ ನಿನ್ನೆಯೇ ತೆಗೆದುಹಾಕಿದೆ. ಭೂತದ ಕಥೆಗಳನ್ನು ಮಗ ಕೇಳುತ್ತಿದ್ದಾನೆ.