ಜೊತೆಗಾರರಿಗೆ ಅಚ್ಚರಿಯ ಅಪ್‌ಗ್ರೇಡ್: ಬಿಡ್, ಕೌಂಟರ್, ಮೈಲ್ಸ್, ನೇರ ಆಫರ್ ಎಲ್ಲ ಬಳಸಿ ನೋಡಿದ ಹೋಲಿಕೆ

ಬಳ್ಳಾರಿಯವರ ದಣಿವು ವಿಮಾನ ಹತ್ತುವ ಮುಂಚೆನೇ ಶುರುವಾಗುತ್ತದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿ ಕಳೆಯಬೇಕು. ಇಲ್ಲಾಂದ್ರೆ ಅನಂತಪುರ, ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಮೇಲೆ ಕಾರಿನಲ್ಲಿ ಐದಾರು ಗಂಟೆ. ಆ ದಾರಿಯಲ್ಲಿ ಬಂದರೆ ದೇವನಹಳ್ಳಿ ಬೆಂಗಳೂರಿಗಿಂತ ಮೊದಲೇ ಸಿಗುತ್ತದೆ, ಊರೊಳಗಿನ ಟ್ರಾಫಿಕ್ ತಪ್ಪುತ್ತದೆ, ಅಷ್ಟೇ ಸಮಾಧಾನ. ರಾಯಚೂರಿನವರು ಹೈದರಾಬಾದಿನ ಶಂಶಾಬಾದ್ ನಿಲ್ದಾಣ ಹಿಡಿಯುತ್ತಾರೆ. ಅವರಿಗೂ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ಅದಾದ ಮೇಲೆ ಪರದೇಶದ ವಿಮಾನ ಅಂದ್ರೆ ಎಷ್ಟೋ ಸಲ ಮಧ್ಯರಾತ್ರಿಯ ಆಚೆ ಈಚೆ. ಹಾಗಾಗಿ ನಮ್ಮ ಕಡೆಯವರಿಗೆ ಕಾಲು ಚಾಚಿ ಮಲಗುವ ಸೀಟು ಶೋಕಿ ಅಂತ ನನಗೆ ಯಾವತ್ತೂ ಅನಿಸಿಲ್ಲ. ಜೊತೆಗೆ ಬರುವವರಿಗೆ ಹೇಳದೆ ಅದನ್ನು ಕೊಡಿಸಿದಾಗ ಅವರ ಮುಖದಲ್ಲಿ ಕಾಣುವ ಖುಷಿ ಇನ್ನೂ ದೊಡ್ಡದು.

ಈ ಅಪ್‌ಗ್ರೇಡ್, ಅಂದ್ರೆ ಇಕಾನಮಿ ಟಿಕೆಟ್ ತೆಗೆದು ಆಮೇಲೆ ಮೇಲಿನ ಕ್ಲಾಸಿಗೆ ಬದಲಿಸುವುದನ್ನು, ನಾನು ನಮ್ಮ ಅವ್ವನ ಜೊತೆ ದೆಹಲಿ ವಿಮಾನಗಳಲ್ಲಿ ಮಾಡಿದ್ದೇನೆ. ಮಗಳನ್ನು ನೋಡಲು ಅಮೆರಿಕಕ್ಕೆ ಹೋಗುವಾಗ ನಮ್ಮ ಮನೆಯವರಿಗೂ ಮಾಡಿದ್ದೇನೆ. ಬೇರೆ ಬೇರೆ ದಾರಿ ಹಿಡಿದು ನೋಡಿದೆ. ಬರೀ ಅಗ್ಗಕ್ಕೆ ಸಿಗುವುದು ಹೇಗೆ ಅಂತ ಹೇಳುವವರು ಬಹಳ ಜನ ಇದ್ದಾರೆ. ಆದರೆ ಅಚ್ಚರಿ ಕೊಡಬೇಕು ಅಂದ್ರೆ ಬೆಲೆಗಿಂತ ಮೊದಲು ಕೇಳಬೇಕಾದ್ದು ಬೇರೆ: ಇದು ಖಚಿತವಾಗಿ ಸಿಗುತ್ತದಾ? ಸಿಕ್ಕರೆ ಇಬ್ಬರೂ ಪಕ್ಕಪಕ್ಕ ಕೂರುತ್ತೇವಾ? ನಾನು ಅಳೆದಿದ್ದೆಲ್ಲ ಈ ಲೆಕ್ಕದಲ್ಲೇ.

ಬಿಡ್ ಹಾಕುವುದು

ಟಿಕೆಟ್ ಇಕಾನಮಿಯಲ್ಲಿ ತೆಗೆದಿರುತ್ತೀರಿ. ಹೊರಡುವ ದಿನ ಹತ್ತಿರ ಬಂದಾಗ ಕಂಪನಿಯಿಂದ ಇಮೇಲ್ ಬರುತ್ತದೆ: ಬಿಸಿನೆಸ್ ಕ್ಲಾಸಿಗೆ ಎಷ್ಟು ಕೊಡುತ್ತೀರಿ, ನೀವೇ ಹೇಳಿ. ತೆರೆಯ ಮೇಲೆ ಒಂದು ಗೆರೆ ಇರುತ್ತದೆ. ಅದನ್ನು ಬೆರಳಲ್ಲಿ ಎಡಕ್ಕೆ ಬಲಕ್ಕೆ ಎಳೆದ ಹಾಗೆ ನಿಮ್ಮ ಬಿಡ್ ದುರ್ಬಲವೋ ಬಲವಾಗಿದೆಯೋ ಅಂತ ಬಣ್ಣ ಬದಲಾಗುತ್ತದೆ. ಹಲವು ಏರ್‌ಲೈನ್‌ಗಳಿಗೆ ಈ ವ್ಯವಸ್ಥೆ ಮಾಡಿಕೊಡುವುದು ಪ್ಲಸ್‌ಗ್ರೇಡ್ ಅನ್ನೋ ಕೆನಡಾದ ಕಂಪನಿ. ಬಿಡ್ ಗೆದ್ದರೆ ಮಾತ್ರ ಕಾರ್ಡಿನಿಂದ ಹಣ ಹೋಗುತ್ತದೆ, ಸೋತರೆ ಇಲ್ಲ. ಕೇಳಲು ಚೆನ್ನಾಗಿದೆ ಅಲ್ವಾ?

ಇಲ್ಲಿ ಗಮನಿಸಬೇಕಾದ್ದು ಜಾಸ್ತಿ ಇದೆ. ನೀವು ಹೇಳುವ ಮೊತ್ತ ಸಾಮಾನ್ಯವಾಗಿ ಒಬ್ಬರಿಗೆ, ಒಂದು ಹಾರಾಟಕ್ಕೆ. ಒಂದೇ ಬುಕಿಂಗ್‌ನಲ್ಲಿ ಇಬ್ಬರಿದ್ದರೆ ಅದು ಎರಡು ಪಟ್ಟು. ಬಿಡ್ ಬುಕಿಂಗ್‌ನಲ್ಲಿರುವ ಎಲ್ಲರಿಗೂ ಸೇರಿಯೇ ಹೋಗುತ್ತದೆ, ಒಬ್ಬರಿಗೆ ಮಾತ್ರ ಹಾಕಲು ಬರಲ್ಲ. ಒಂದು ರೀತಿಯಲ್ಲಿ ಇದು ಒಳ್ಳೇದೇ, ಒಬ್ಬರು ಬಿಸಿನೆಸ್‌ನಲ್ಲಿ ಒಬ್ಬರು ಇಕಾನಮಿಯಲ್ಲಿ ಆಗುವ ಪ್ರಶ್ನೆ ಇಲ್ಲ. ನಡುವೆ ವಿಮಾನ ಬದಲಿಸುವ ಪ್ರಯಾಣವಾದರೆ ಪ್ರತಿ ಹಾರಾಟಕ್ಕೂ ಬೇರೆ ಬಿಡ್. ನಾನು ಸಣ್ಣ ಹಾರಾಟಕ್ಕೆ ಹಾಕುವುದೇ ಇಲ್ಲ. ಯೂರೋಪಿನಿಂದ ಅಮೆರಿಕಕ್ಕೆ ದಾಟುವ ಉದ್ದದ ಹಾರಾಟಕ್ಕೆ ಮಾತ್ರ ಹಾಕುತ್ತೇನೆ.

ಉತ್ತರ ಬರುವುದು ಯಾವಾಗ? ಹೆಚ್ಚಾಗಿ ಹೊರಡುವ ಒಂದೆರಡು ದಿನ ಮುಂಚೆ, ಕೆಲವೊಮ್ಮೆ ಕೊನೆಯ ಗಂಟೆಗಳಲ್ಲಿ. ಅಂದ್ರೆ ನೀವು ಪೆಟ್ಟಿಗೆ ಕಟ್ಟಿ, ಕಾರು ಹತ್ತಿ, ಬಾಗೇಪಲ್ಲಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ಫೋನ್ ನೋಡುತ್ತಾ ಇರಬೇಕು. ಪಕ್ಕದಲ್ಲಿ ಕೂತವರು ಏನಾಯ್ತು ಅಂತ ಕೇಳುತ್ತಲೇ ಇರುತ್ತಾರೆ. ಒಮ್ಮೆ ಬಿಡ್ ಗೆದ್ದೆವು. ಆದರೆ ಆ ಕಂಪನಿ ನಮ್ಮನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸಿತ್ತು. ನಮ್ಮ ಮನೆಯವರು ಕಿಟಕಿ ಪಕ್ಕ, ನಾನು ಅವರಿಗಿಂತ ಮೂರು ಸಾಲು ಹಿಂದೆ. ಪುಣ್ಯಕ್ಕೆ ಅವರ ಪಕ್ಕದಲ್ಲಿದ್ದ ಹಿರಿಯರು ನಾನು ಕೇಳುವ ಮುಂಚೆನೇ ಎದ್ದು ಜಾಗ ಬಿಟ್ಟುಕೊಟ್ಟರು. ಮೊದಲೇ ದುಡ್ಡು ಕೊಟ್ಟು ಆರಿಸಿಕೊಂಡಿದ್ದ ಇಕಾನಮಿ ಸೀಟಿನ ಹಣವೂ ಅಲ್ಲಿಗೇ ಹೋಯಿತು. ಬಿಡ್ ಗೆದ್ದರೂ ಹಲವು ಕಡೆ ಮೈಲ್ಸ್, ಅಂದ್ರೆ ಹಾರಿದ್ದಕ್ಕೆ ಏರ್‌ಲೈನ್ ಕೊಡುವ ಪಾಯಿಂಟ್, ಸಿಗುವುದು ಮೊದಲಿನ ಇಕಾನಮಿ ಟಿಕೆಟ್ಟಿನ ಲೆಕ್ಕದಲ್ಲೇ. ಬ್ಯಾಗಿನ ತೂಕ, ಲೌಂಜ್ ಕೂಡ ಕಂಪನಿಯಿಂದ ಕಂಪನಿಗೆ ಬೇರೆ, ಬಿಡ್ ಹಾಕುವ ಪುಟದಲ್ಲೇ ಬರೆದಿರುತ್ತಾರೆ. ಅದನ್ನು ಓದಿಯೇ ಮುಂದುವರಿಯಿರಿ.

ಇನ್ನೊಂದು ಮಾತು. ದೆಹಲಿಯಂಥ ಒಳನಾಡಿನ ದಾರಿಯಲ್ಲಿ ಬಿಡ್‌ಗೆ ಜಾಗವೇ ಕಡಿಮೆ. ಏರ್ ಇಂಡಿಯಾದ ಮೂರು ಕ್ಲಾಸಿನ ಸಣ್ಣ ವಿಮಾನ ಎ320 ನಿಯೋದಲ್ಲಿ ಇರುವುದು 8 ಬಿಸಿನೆಸ್ ಸೀಟು, 24 ಪ್ರೀಮಿಯಂ ಇಕಾನಮಿ (ಬಿಸಿನೆಸ್‌ಗೂ ಇಕಾನಮಿಗೂ ನಡುವಿನದು), 132 ಇಕಾನಮಿ. ಆ 8ರಲ್ಲಿ ಜೊತೆಯಾಗಿ ಎರಡು ಖಾಲಿ ಉಳಿಯಬೇಕು, ಅದೂ ಕೊನೆಯ ದಿನದವರೆಗೆ. ಉದ್ದದ ಹಾರಾಟದ ದೊಡ್ಡ ವಿಮಾನದಲ್ಲಿ ಮಾತು ಬೇರೆ.

ನನ್ನ ತೀರ್ಮಾನ: ಜೊತೆಗಾರರಿಗೆ ಏನೂ ಗೊತ್ತಿಲ್ಲದಿದ್ದರೆ ಬಿಡ್ ಒಳ್ಳೇದು. ಸೋತರೂ ಅವರಿಗೆ ಬೇಸರ ಇಲ್ಲ. ಆದರೆ ಅರವತ್ತನೇ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ ಅಂತ ಒಂದು ದಿನ ಇಟ್ಟುಕೊಂಡು ಅಚ್ಚರಿ ಮಾಡುವುದಾದರೆ ಬಿಡ್ ನಂಬಬೇಡಿ.

ಕೌಂಟರ್‌ನಲ್ಲಿ ಕೇಳುವುದು

ಇದು ಬಿಡ್‌ಗಿಂತಲೂ ಅದೃಷ್ಟದ ಆಟ. ಚೆಕ್‌ಇನ್ ಹೊತ್ತಿಗೆ ಮುಂದಿನ ಕ್ಯಾಬಿನ್‌ನಲ್ಲಿ ಸೀಟು ಉಳಿದಿದ್ದರೆ ಒಂದು ದರ ಹೇಳುತ್ತಾರೆ, ಅಲ್ಲೇ ಕಾರ್ಡು ಉಜ್ಜಬೇಕು. ಒಮ್ಮೆ ಅವ್ವನ ಜೊತೆ ಹೀಗೆ ಸಿಕ್ಕಿತು, ದರವೂ ಚೆನ್ನಾಗಿತ್ತು. ತೊಂದರೆ ಏನಂದ್ರೆ ಇಡೀ ಮಾತುಕತೆ ಅವ್ವನ ಎದುರಿಗೇ ನಡೆಯಿತು. ಮೊತ್ತ ಅವ್ವನ ಕಿವಿಗೆ ಬಿತ್ತು. "ಇಷ್ಟು ರೊಕ್ಕ ಯಾಕ ಕೊಡ್ತಿ, ಬ್ಯಾಡ ಬಿಡು" ಅಂತ ನನ್ನ ಕೈ ಹಿಡಿದು ನಿಂತಳು. ಹಿಂದೆ ಸಾಲು ಬೆಳೆಯುತ್ತಿತ್ತು. ಒಪ್ಪಿಸಿದೆ, ಹತ್ತಿದೆವು. ಆದರೆ ದೆಹಲಿ ಮುಟ್ಟುವವರೆಗೂ ಅವ್ವ ಆ ಮೊತ್ತವನ್ನೇ ಎಣಿಸುತ್ತಿದ್ದಳು. ನಮ್ಮ ಹಿರಿಯರಿಗೆ ಬೆಲೆ ಗೊತ್ತಾದ ಕೂಡಲೇ ಸುಖ ಅರ್ಧ ಆಗುತ್ತದೆ. ಕೌಂಟರ್‌ನಲ್ಲಿ ಕೇಳುವುದಾದರೆ ಜೊತೆಗಾರರನ್ನು ಬ್ಯಾಗಿನ ಹತ್ತಿರ ಕುರ್ಚಿಯಲ್ಲಿ ಕೂರಿಸಿ ನೀವೊಬ್ಬರೇ ಮೊದಲು ಹೋಗಿ ಕೇಳಿ ಬನ್ನಿ. ಕಡೇ ಗಳಿಗೆಯಲ್ಲಿ, ಗೇಟಿನಲ್ಲಿ ಸಿಕ್ಕರೆ ಲೌಂಜಿಗೆ ಹೋಗಲು ಹೊತ್ತೇ ಇರುವುದಿಲ್ಲ. ನಮ್ಮಂಥ ದೂರದಿಂದ ಬಂದವರಿಗೆ ಲೌಂಜ್ ಅಂದ್ರೆ ಸಣ್ಣ ವಿಷಯ ಅಲ್ಲ: ಮುಖ ತೊಳೆಯಬೇಕು, ಕಾಲು ಮೇಲಿಟ್ಟು ಕೂರಬೇಕು, ಬಿಸಿ ಏನಾದರೂ ತಿನ್ನಬೇಕು.

ಮೈಲ್ಸ್

ಕ್ರೆಡಿಟ್ ಕಾರ್ಡ್ ಪಾಯಿಂಟ್ ಕೂಡಿಹಾಕಿ ಏರ್‌ಲೈನ್ ಖಾತೆಗೆ ಕಳಿಸಿ ಅಪ್‌ಗ್ರೇಡ್ ಮಾಡುವುದು. ಬಟ್ಟೆ ವ್ಯಾಪಾರ, ಅಂಗಡಿಯ ಖರೀದಿ ಎಲ್ಲ ಕಾರ್ಡಿನಲ್ಲೇ ಮಾಡುವವರಿಗೆ ಇದು ಎಲ್ಲಕ್ಕಿಂತ ಲಾಭದ ದಾರಿ. ಕೈಯಿಂದ ಹೋಗುವ ನಗದು ಬಹಳ ಕಡಿಮೆ. ಅಷ್ಟೇ ಅಲ್ಲ, ಜೊತೆಗಾರರು "ಎಷ್ಟಾಯ್ತು?" ಅಂದರೆ "ಪಾಯಿಂಟ್ ಇದ್ದವು, ಸುಮ್ನೆ ಹೋಗ್ತಿದ್ದವು" ಅನ್ನಬಹುದು. ಅದು ನಿಜವೂ ಹೌದು. ನಮ್ಮ ಮನೆಯವರು ಆ ಉತ್ತರ ಕೇಳಿ ನಿರಾಳವಾಗಿ ಸೀಟು ಹಿಂದಕ್ಕೆ ಬಿಟ್ಟರು.

ಅಡ್ಡಿಗಳೂ ಇವೆ. ಅತಿ ಅಗ್ಗದ ಇಕಾನಮಿ ಟಿಕೆಟ್‌ಗಳಿಗೆ ಹಲವು ಕಂಪನಿಗಳು ಮೈಲ್ಸ್ ಅಪ್‌ಗ್ರೇಡ್ ಕೊಡುವುದೇ ಇಲ್ಲ. ಹಾಗಾಗಿ ಟಿಕೆಟ್ ತೆಗೆಯುವಾಗಲೇ ಈ ನಿಯಮ ನೋಡಿಕೊಳ್ಳಬೇಕು. ಸೀಟು ಖಾಲಿ ಕಂಡರೂ ಮೈಲ್ಸ್‌ಗೆ ಬಿಟ್ಟಿರುವ ಸೀಟು ಬೇರೆ, ಅದರಲ್ಲಿ ಒಂದೇ ಉಳಿದಿರಬಹುದು. ಬ್ಯಾಂಕಿನಿಂದ ಒಮ್ಮೆ ಕಳಿಸಿದ ಪಾಯಿಂಟ್ ಸಾಮಾನ್ಯವಾಗಿ ವಾಪಸ್ ಬರಲ್ಲ. ಕೆಲವು ಕಡೆ ತಕ್ಷಣ ಜಮಾ ಆಗುತ್ತದೆ, ಕೆಲವು ಕಡೆ ದಿನಗಟ್ಟಲೆ ಕಾಯಬೇಕು. ಮೊದಲು ಏರ್‌ಲೈನಿಗೆ ಫೋನ್ ಮಾಡಿ, ಇಬ್ಬರಿಗೂ ಸೀಟಿದೆ ಅಂತ ಬಾಯಿಂದ ಕೇಳಿಸಿಕೊಂಡು, ಆಮೇಲೆ ಪಾಯಿಂಟ್ ಕಳಿಸಿ.

ನಿಗದಿತ ದರದ ಆಫರ್

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಬುಕಿಂಗ್ ತೆರೆದು ನೋಡಿದರೆ "ಇಷ್ಟು ಕೊಟ್ಟರೆ ಈಗಲೇ ಅಪ್‌ಗ್ರೇಡ್" ಅಂತ ದರ ತೋರಿಸುತ್ತದೆ. ಬಿಡ್‌ನ ಕಡಿಮೆ ಮೊತ್ತಕ್ಕಿಂತ ಜಾಸ್ತಿನೇ ಇರುತ್ತದೆ. ಆದರೆ ಮೊದಲೇ ಬಿಸಿನೆಸ್ ಟಿಕೆಟ್ ತೆಗೆಯುವುದಕ್ಕಿಂತ ನನಗೆ ಪ್ರತಿ ಸಲ ಕಡಿಮೆಗೇ ಸಿಕ್ಕಿದೆ. ದರ ದಿನಕ್ಕೊಂದು ಥರ ಏರಿಳಿಯುತ್ತದೆ, ಆಗಾಗ ನೋಡುತ್ತಿರಬೇಕು. ಹಣ ಕಟ್ಟಿದ ಕೂಡಲೇ ಖಚಿತ. ಸೀಟು ನಕ್ಷೆ ತೆರೆಯುತ್ತದೆ, ಜೋಡಿ ಸೀಟು ನಾವೇ ಆರಿಸಬಹುದು. ದುಬೈನ ಏರ್‌ಲೈನ್ ಎಮಿರೇಟ್ಸ್‌ನ ದೊಡ್ಡ ವಿಮಾನ ಎ380ರ ಬಿಸಿನೆಸ್‌ನಲ್ಲಿ ನಡುವಿನ ಸೀಟುಗಳು ಒಂದು ಸಾಲಿನಲ್ಲಿ ಹತ್ತಿರ ಹತ್ತಿರ, ಮುಂದಿನ ಸಾಲಿನಲ್ಲಿ ದೂರ ದೂರ ಇವೆ. ಗಂಡ ಹೆಂಡತಿ ಮಾತಾಡುತ್ತಾ ಹೋಗಬೇಕಾದರೆ ಹತ್ತಿರದ ಜೋಡಿ, ಅಂದ್ರೆ ಇ ಮತ್ತು ಎಫ್ ಅಕ್ಷರದ ಸೀಟು ನೋಡಿ ಆರಿಸಬೇಕು. ಬಿಡ್‌ನಲ್ಲಿ ಈ ಆಯ್ಕೆ ಕೈಗೆ ಸಿಗುವ ಹೊತ್ತಿಗೆ ಒಳ್ಳೆಯ ಜೋಡಿಗಳು ಹೋಗಿರುತ್ತವೆ.

ಮೊದಲೇ ಬಿಸಿನೆಸ್ ಟಿಕೆಟ್ ತೆಗೆಯುವುದು ಅತಿ ಖಚಿತ, ಅತಿ ದುಬಾರಿ. ವೀಸಾ ಕಾಗದ ಸೇರಿಸುವಾಗ ಟಿಕೆಟ್ ಪ್ರಿಂಟ್ ಮನೆಯಲ್ಲೆಲ್ಲ ಓಡಾಡುತ್ತದೆ, ಗುಟ್ಟು ಉಳಿಯಲ್ಲ. ಅಚ್ಚರಿಗೆ ಇದು ಬೇಡ.

ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಕಾನಮಿ ಟಿಕೆಟ್ಟಿಗೆ ಜಿಎಸ್‌ಟಿ ಶೇ 5. ಪ್ರೀಮಿಯಂ ಇಕಾನಮಿ, ಬಿಸಿನೆಸ್, ಫಸ್ಟ್‌ಗೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ. 10,000 ರೂಪಾಯಿ ದರಕ್ಕೆ ಒಂದು ಕಡೆ 500, ಇನ್ನೊಂದು ಕಡೆ 1,800. ಆಫರ್‌ನಲ್ಲಿ ತೋರಿಸುವ ಮೊತ್ತ ತೆರಿಗೆ ಸೇರಿಸಿಯೋ ಬಿಟ್ಟೋ ಅಂತ ಕೊನೆಯ ಪುಟದಲ್ಲಿ ನೋಡಿಕೊಳ್ಳಿ.

ಪ್ರೀಮಿಯಂ ಇಕಾನಮಿ ಸಾಕಾ?

ಹಗಲಿನ ಹಾರಾಟಕ್ಕೆ ಧಾರಾಳವಾಗಿ ಸಾಕು. ಬೆಂಗಳೂರಿಂದ ದೆಹಲಿಗೆ ಮೂರು ಗಂಟೆಯೊಳಗೆ. ಆ ದಾರಿಯ ಸಣ್ಣ ವಿಮಾನಗಳಲ್ಲಿ ಬಿಸಿನೆಸ್ ಸೀಟೂ ಸಾಮಾನ್ಯವಾಗಿ ಹಿಂದಕ್ಕೆ ಬಾಗುತ್ತದೆ ಅಷ್ಟೇ, ಹಾಸಿಗೆ ಆಗಲ್ಲ. 2024ರ ನವೆಂಬರ್‌ನಲ್ಲಿ ಇಂಡಿಗೋ ಕೂಡ ಸ್ಟ್ರೆಚ್ ಹೆಸರಲ್ಲಿ ಮುಂದಿನ ಕ್ಯಾಬಿನ್ ಶುರು ಮಾಡಿತು, ಎ321ರಲ್ಲಿ 12 ಸೀಟು, ಎರಡು ಎರಡರ ಸಾಲು. ಎರಡು ಎರಡರ ಸಾಲು ಅಂದ್ರೆ ಮೂರನೆಯವರು ಪಕ್ಕದಲ್ಲಿಲ್ಲ. ಅವ್ವನಂಥವರಿಗೆ ಅದೇ ದೊಡ್ಡ ನೆಮ್ಮದಿ. ಎಮಿರೇಟ್ಸ್‌ನ ಪ್ರೀಮಿಯಂ ಇಕಾನಮಿ 2023ರ ಅಕ್ಟೋಬರ್‌ನಿಂದ ಬೆಂಗಳೂರಿಗೂ ಬಂದಿದೆ. ಎ380ರಲ್ಲಿ 56 ಸೀಟು, ಸಾಲಿನಿಂದ ಸಾಲಿಗೆ 40 ಇಂಚಿನವರೆಗೆ ಜಾಗ. ದುಬೈ ನಾಲ್ಕು ಗಂಟೆ. ಅಲ್ಲಿಗೆ ಬಿಸಿನೆಸ್‌ಗೆ ಹಣ ಹಾಕದೆ ಅದನ್ನು ದುಬೈನಿಂದ ಮುಂದಿನ ಹದಿನಾಲ್ಕು ಗಂಟೆಯ ಹಾರಾಟಕ್ಕೆ ಉಳಿಸಿ. ಬಳ್ಳಾರಿ ಹತ್ತಿರದ ತೋರಣಗಲ್ಲಿನಿಂದ ಸಣ್ಣ ವಿಮಾನ ಹಿಡಿಯುವವರೂ ಅಷ್ಟೇ, ಒಂದು ಗಂಟೆಯ ದಾರಿಗೆ ಯಾವ ಅಪ್‌ಗ್ರೇಡೂ ಬೇಕಿಲ್ಲ.

ರಾತ್ರಿಯ ಉದ್ದದ ಹಾರಾಟದಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ನಮ್ಮ ಮನೆಯವರಿಗೆ ದಿನವಿಡೀ ಅಂಗಡಿಯಲ್ಲಿ ನಿಂತು ಸಂಜೆಗೆ ಪಾದ ಊದುತ್ತದೆ. ಪ್ರೀಮಿಯಂ ಇಕಾನಮಿಯಲ್ಲಿ ಹೋದ ವರ್ಷ ಇಳಿಯುವಾಗ ಬೂಟಿನ ಲೇಸ್ ಪೂರ್ತಿ ಸಡಿಲಿಸಿ ಕಾಲು ತೂರಿಸಬೇಕಾಯಿತು. ಬಿಸಿನೆಸ್‌ನಲ್ಲಿ ಹೋದಾಗ ಸೀಟಿನ ಪಕ್ಕದ ಗುಂಡಿ ಒತ್ತಿ ಹಿಡಿದರು. ಬೆನ್ನು ಇಳಿಯಿತು, ಕಾಲಿನ ಹಲಗೆ ಎದ್ದಿತು, ಎರಡೂ ಸೇರಿ ಸಮತಟ್ಟಾಯಿತು. ಹೊದಿಕೆ ಎಳೆದುಕೊಂಡವರು ತಿಂಡಿಗೆ ಎಬ್ಬಿಸುವವರೆಗೆ ಎದ್ದಿಲ್ಲ. ಇಳಿಯುವಾಗ ಬೂಟು ಹಾಗೇ ಹಾಕಿಕೊಂಡರು. ನಾನು ಕೊಟ್ಟ ಹಣಕ್ಕೆ ಅಷ್ಟು ಸಾಕಾಗಿತ್ತು.

ಗುಟ್ಟು ಕಾಯುವುದು, ಊಟ ಮರೆಯದಿರುವುದು

ಬುಕಿಂಗ್‌ನಲ್ಲಿ ನಿಮ್ಮ ಫೋನ್, ನಿಮ್ಮ ಇಮೇಲ್ ಮಾತ್ರ ಇರಲಿ. ಅಪ್‌ಗ್ರೇಡ್ ಆದ ಕ್ಷಣ ಮೆಸೇಜ್ ಹೋಗುತ್ತದೆ. ಒಳನಾಡಿನ ವಿಮಾನವಾದರೆ ಡಿಜಿಯಾತ್ರಾ, ಅಂದ್ರೆ ಮುಖ ತೋರಿಸಿ ನಿಲ್ದಾಣದೊಳಗೆ ಹೋಗುವ ಆ್ಯಪ್, ಇನ್ನೊಂದು ತೊಡಕು: ಅದನ್ನು ಬಳಸುವ ಪ್ರತಿಯೊಬ್ಬರೂ ತಮ್ಮ ಬೋರ್ಡಿಂಗ್ ಪಾಸನ್ನು ತಮ್ಮ ಫೋನಿಗೇ ಹಾಕಿಕೊಳ್ಳಬೇಕು. ಅಲ್ಲಿ ಕ್ಲಾಸ್, ಸೀಟು ನಂಬರ್ ಎಲ್ಲ ಕಾಣುತ್ತದೆ. ಆ ದಿನಕ್ಕೆ ಕಾಗದದ ಪಾಸ್ ತೆಗೆದುಕೊಂಡು ಎರಡನ್ನೂ ನೀವೇ ಇಟ್ಟುಕೊಳ್ಳಿ.

ಊಟದ ಮಾತು ಮುಖ್ಯ. ಶುದ್ಧ ಸಸ್ಯಾಹಾರಿಗಳಿಗೆ ಮೊದಲೇ ಹೇಳಿಟ್ಟ ಊಟ ಕ್ಯಾಬಿನ್ ಬದಲಾದಾಗ ಕೆಲವೊಮ್ಮೆ ಅದರ ಜೊತೆ ಬರುವುದಿಲ್ಲ. ನಮ್ಮ ಮನೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಅಪ್‌ಗ್ರೇಡ್ ಖಚಿತವಾದ ಕೂಡಲೇ ಬುಕಿಂಗ್ ತೆರೆದು ಹಿಂದೂ ಸಸ್ಯಾಹಾರಿ ಊಟವನ್ನು ಮತ್ತೆ ಹಾಕುತ್ತೇನೆ, ಕೌಂಟರ್‌ನಲ್ಲಿ ಇನ್ನೊಮ್ಮೆ ಕೇಳುತ್ತೇನೆ. ಸಾಮಾನ್ಯವಾಗಿ 24 ಗಂಟೆ ಮುಂಚೆ ಹೇಳಿರಬೇಕು. ಕೊನೆಯ ಗಳಿಗೆಯ ಅಪ್‌ಗ್ರೇಡ್‌ನಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಆಗ ಲೌಂಜಿನಲ್ಲೇ ಹೊಟ್ಟೆ ತುಂಬ ತಿನ್ನಿಸಿ, ಕೈಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟುಕೊಳ್ಳಿ.

ಹೇಳುವುದು ಎಲ್ಲಿ? ಗಟ್ಟಿಮುಟ್ಟಾದವರಿಗೆ ಸೀಟಿನ ಹತ್ತಿರವೇ ಹೇಳಿ, ಮಜಾ ಜಾಸ್ತಿ. ಹಿರಿಯರಿಗೆ ಮಾತ್ರ ಲೌಂಜಿನ ಬಾಗಿಲಲ್ಲೇ ಹೇಳಿಬಿಡಿ. ವಿಮಾನದೊಳಗೆ ಸಾಲಿನಲ್ಲಿ ನಿಂತಾಗ "ಇಲ್ಲೇ ಕೂತ್ಕೊ" ಅಂದರೆ ತಪ್ಪು ಸೀಟು ಅಂತ ಗಾಬರಿಯಾಗಿ ಮುಂದೆ ನಡೆದುಬಿಡುತ್ತಾರೆ. ಅವ್ವನಿಗೆ ನಾನು ಈಗ ಲೌಂಜಿನಲ್ಲೇ ಹೇಳುವುದು, ಮೊತ್ತ ಹೇಳುವುದಿಲ್ಲ.